ಹಳಬರಿಗೆ ಕಾಣದ ಪುಟ

ನಾನು ಬರೆದದ್ದು ಪಕ್ಕದ ಕುರ್ಚಿಯಲ್ಲೇ ಕೂತವರಿಗೆ ಕಾಣುತ್ತಿರಲಿಲ್ಲ. ಅದೇ ಇಂಟರ್ನೆಟ್ ಅಂಗಡಿ, ಅದೇ ತಾಣ! ಮಸ್ಕತ್‌ಗೆ ಬಂದ ಹೊಸದರಲ್ಲಿ ನನ್ನನ್ನು ದಿಕ್ಕೆಡಿಸಿದ್ದು ಇದು.

ನಾನು ನರ್ಸು. ಊರು ಮೊಳಕಾಲ್ಮೂರು ತಾಲೂಕಿನ ದೇವಸಮುದ್ರ, ಕುರಿ ಸಾಕುವ ಮನೆ. ಇಲ್ಲಿನ ಬಿಸಿಲು ನಮ್ಮ ಬಿಸಿಲಿಗೆ ಅಣ್ಣ, ಅದಕ್ಕೇನೂ ಹೆದರಲಿಲ್ಲ. ಖುಬ್ಸ್ ಎಂಬ ಇಲ್ಲಿನ ರೊಟ್ಟಿಯೂ ಹಿಡಿಸಿತು. ಅರಬ್ಬಿ ಬಾರದಿದ್ದರೂ ನಮ್ಮ ಗಡಿಯ ತೆಲುಗು ಕೈಹಿಡಿಯಿತು. ಆಸ್ಪತ್ರೆಯ ಅಡುಗೆಯವರೆಲ್ಲ ಆಂಧ್ರದವರು. ಕಷ್ಟವಾದದ್ದು ಮನೆ. ತಿಂಗಳೊಳಗೆ ಹಾಸ್ಟೆಲ್ ಬಿಡಬೇಕಿತ್ತು. ಒಂಟಿ ಹೆಂಗಸಿಗೆ ಕೋಣೆ ಕೊಡುವವರು ಯಾರು?

ಕನ್ನಡಿಗರದೊಂದು ಆನ್‌ಲೈನ್ ವೇದಿಕೆಯಿದೆ, ಅಲ್ಲಿ ಕೇಳು ಎಂದರು ಚಳ್ಳಕೆರೆ ಕಡೆಯ ರುದ್ರಣ್ಣ, ನಮ್ಮ ಆಂಬುಲೆನ್ಸ್ ಡ್ರೈವರ್. ಸೇರಿದೆ. ನಮ್ಮೂರಲ್ಲಾದರೆ ಹೊಸಬರನ್ನು ಕಟ್ಟೆಯ ಮೇಲಿದ್ದವರೇ ಮಾತಾಡಿಸುತ್ತಾರೆ: ಯಾವೂರು, ಯಾರ ಪೈಕಿ, ಉಂಡಿಯಾ? ಅಲ್ಲಿಯವರೆಗೆ ಬಂದವರು ಬಾಯಿ ಬಿಡುವುದಿಲ್ಲ. ಹಾಗಾಗಿ ‘ಹೊಸಬರ ಪರಿಚಯ’ ಎಂಬ ವಿಭಾಗದಲ್ಲಿ ಅಪ್ಪ, ಅವ್ವ, ಊರು, ಕೋಣೆ ಬೇಕಾದ ಸಂಗತಿ ಎಲ್ಲವನ್ನೂ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಕುಟ್ಟಿ, ಹಳಬರು ಯಾರಾದರೂ ಬಂದು ಮಾತಾಡಿಸಲೆಂದು ಕಾದೆ. ‘ನಮಸ್ಕಾರ’ ಎಂದವರೆಲ್ಲ ಹೊಸಬರೇ. ಅವರಿಗೂ ಕೋಣೆ ಬೇಕಿತ್ತು!

ಸಿಟ್ಟು ಬಂದು ರುದ್ರಣ್ಣನವರನ್ನು ಇಂಟರ್ನೆಟ್ ಅಂಗಡಿಗೆ ಎಳೆದುಕೊಂಡು ಹೋಗಿ ಪಕ್ಕದ ಕಂಪ್ಯೂಟರಿನ ಮುಂದೆ ಕೂರಿಸಿದೆ.

“ಎಲ್ಲೈತಮ್ಮಾ ನೀನು ಬರ್ದಿದ್ದು? ನನ್ನ ಪುಟದಾಗೆ ಆ ವಿಭಾಗನೇ ಇಲ್ವಲ್ಲ!” ಎಂದರು.

“ನೋಡ್ರಣ್ಣಾ, ನನ್ನದ್ರಾಗೆ ಎಲ್ಲಕ್ಕಿಂತ ಮೇಲೈತೆ.”

ಹಳಬರಿಗೆ ಕಿರಿಕಿರಿಯಾಗದಿರಲೆಂದು ವೇದಿಕೆ ನಡೆಸುವವರು ಅವರ ಪುಟದಲ್ಲಿ ಅದನ್ನು ಮರೆಮಾಡಿದ್ದರಂತೆ. ಒಳ್ಳೆ ನ್ಯಾಯ! ರುದ್ರಣ್ಣ ತಮ್ಮ ಹೆಸರಲ್ಲಿ ಬೇರೆ ಕಡೆ ಬರೆದ ಮೇಲೆ ಮಂಗಳೂರಿನ ಕುಟುಂಬವೊಂದು ಕೋಣೆ ಕೊಟ್ಟಿತು. ಬದುಕಿದೆಯಾ ಬಡಜೀವವೇ ಎಂದು ಅತ್ತುಬಿಟ್ಟೆ.

ಆಮೇಲೆ ವರ್ಷಗಟ್ಟಲೆ ನಾನೂ ಬರೆದೆ: ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ, ಯಾವ ಬಸ್ಸು ಎಲ್ಲಿಗೆ. ಒಂದು ದಿನ ನನ್ನ ಹೆಸರಿನ ಕೆಳಗೆ ‘ಹಿರಿಯ ಸದಸ್ಯೆ’ ಎಂದು ಬಂತು. ಹಿಗ್ಗಿಹೋದೆ. ನೋಡಿದರೆ ಹೊಸಬರ ವಿಭಾಗ ಮಾಯ! ಹೆಸರು ಹಾಕದೆ ಹೊರಗಿನವಳಾಗಿ ತೆರೆದರೆ ಕಾಣುತ್ತದೆ, ಬರೆಯಲು ಬಿಡದು. ಹೆಸರು ಹಾಕಿದರೆ ಬರೆಯಬಹುದು, ಆದರೆ ಆ ವಿಭಾಗವೇ ಕಾಣದು. ಇದೆಂಥ ಊರಪ್ಪಾ ಎಂದು ತಲೆ ಕೆಟ್ಟಿತು.

ಹಾಗೆ ಹೊರಗಿನಿಂದ ಇಣುಕಿದಾಗ ನಾಯಕನಹಟ್ಟಿಯ ಹುಡುಗಿಯೊಬ್ಬಳು ಬರೆದದ್ದು ಕಂಡಿತು. ನರ್ಸಂತೆ, ಹಾಸ್ಟೆಲ್ ಬಿಡಬೇಕಂತೆ, ಉಳಿಯಲು ಜಾಗವಿಲ್ಲ. ಕೆಳಗೆ ಒಂದೂ ಉತ್ತರವಿಲ್ಲ. ಅವ್ವನ ಹೆಸರು ಕೊಟ್ಟು ಮತ್ತೆ ಹೊಸಬಳಾಗಿ ಸೇರಿ ಬರೆದೆ: “ನನ್ನ ಕೋಣೆಯಾಗೆ ಜಾಗ ಐತೆ, ಬಾರವ್ವ.”

ಕೂಡಲೇ ಉತ್ತರ ಬಂತು: “ಬರ್ತೀನಿ ಅಕ್ಕಾ. ನೀವೂ ಹೊಸದಾಗಿ ಬಂದಿದ್ದೇನ್ರಿ?”

ಹೌದೆನ್ನಲೋ ಅಲ್ಲವೆನ್ನಲೋ ತಿಳಿಯದೆ “ಉಂಡಿಯಾ?” ಎಂದು ಕೇಳಿದೆ.