ಭಾವಮೈದನ ಕೈಯಲ್ಲಿದ್ದ ಹಗ್ಗ

ನಂಬಿ ಅಂತ ನಾನು ಯಾರ ಕಾಲಿಗೂ ಬೀಳುವುದಿಲ್ಲ. ಇದು ನನ್ನ ಕೈಯಲ್ಲಿ ನಡೆದದ್ದು. ಕೈಯಲ್ಲಿ ಅಂದರೆ ನಿಜವಾಗಿಯೂ ಈ ಕೈಯಲ್ಲೇ. ಬಲಗೈಯ ಎರಡು ಬೆರಳು ಇವತ್ತಿಗೂ ಜೋಮು ಹಿಡಿದಂತೆಯೇ ಇವೆ. ಬಿಸಿ ಚಹಾದ ಲೋಟ ಹಿಡಿದರೂ ಗೊತ್ತಾಗುವುದಿಲ್ಲ.

ನಾನು ಕೊಟ್ರೇಶ, ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಕಡೆಯವನು. ಚಿಕ್ಕಂದಿನಿಂದಲೂ ನನಗೆ ಬಂಡೆ ಹತ್ತುವ ಹುಚ್ಚು. ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. "ಹೆಂಗೂ ಬಿಡಂಗಿಲ್ಲ ನೀನು. ಅದನ್ನ ಕಸಬು ಮಾಡ್ಕೋ" ಅಂದವಳು ನಮ್ಮಕ್ಕ ರೇಣುಕಾ. ಹೀಗೆ ನಮ್ಮ ಪುಟ್ಟ ಉದ್ಯೋಗ ಶುರುವಾಯಿತು. ಶನಿವಾರ ಸಂಜೆ ಪಟ್ಟಣದವರನ್ನು ಗುಡ್ಡ ಹತ್ತಿಸುವುದು, ಕತ್ತಲಾದ ಮೇಲೆ ಹಗ್ಗದಲ್ಲಿ ಬಂಡೆ ಇಳಿಸುವುದು, ಕೆಳಗೆ ರೊಟ್ಟಿ, ಶೇಂಗಾ ಚಟ್ನಿ ಉಣಿಸಿ ಕಳಿಸುವುದು.

ಜೊತೆಗಾರ ಅಕ್ಕನ ಗಂಡ, ನಮ್ಮ ಭಾವ ಬಸವರಾಜ. ನನಗಿಂತ ಎರಡೇ ವರ್ಷ ದೊಡ್ಡವನು, ಏಕವಚನದ ಸಲುಗೆ. ಅವನ ಮನೆಯವರು ಹಿಂದೆ ಬಂಡೆಯ ಹೆಜ್ಜೇನು ಇಳಿಸುತ್ತಿದ್ದವರು. ಅವರಲ್ಲೊಂದು ಕಟ್ಟಳೆ ಇತ್ತು. ಗಂಡಸು ಬಂಡೆಗೆ ಇಳಿದರೆ ಮೇಲೆ ಹಗ್ಗ ಹಿಡಿಯುವವನು ಅವನ ಹೆಂಡತಿಯ ಒಡಹುಟ್ಟಿದವನೇ ಆಗಬೇಕು. ಅಕ್ಕತಂಗಿಯರ ತಾಳಿ ಅವನ ಕೈಯಲ್ಲಿರುತ್ತದಲ್ಲ, ಅದಕ್ಕೆ ಅವನು ಬಿಡುವುದಿಲ್ಲ ಅಂತ.

ಅದಕ್ಕೇ ಭಾವ ಮೊದಲು ಇಳಿದು ಕೆಳಗೆ ನಿಲ್ಲುತ್ತಿದ್ದ, ಮೇಲೆ ಹಗ್ಗ ನನ್ನದು. ಇನ್ನೊಂದು ನೇಮವೂ ಅವನೇ ಹಾಕಿದ್ದು. ಇಳಿದವರು ಸೊಂಟದ ಹಗ್ಗ ಬಿಚ್ಚಿ ಮೂರು ಸಲ ಜಗ್ಗಬೇಕು. ಆ ಮೂರು ಜಗ್ಗು ಬರುವತನಕ ಯಾರು ಎಷ್ಟೇ ಕೂಗಲಿ, ನಾನು ಬಿಡಬಾರದು. "ಬಂಡ್ಯಾಗ ದನಿ ಎಲ್ಲಿಂದ ಬರ್ತಾವ ಅಂತ ತಿಳಿಯಂಗಿಲ್ಲ ಕೊಟ್ರಾ. ಕೈ ನಂಬು" ಅನ್ನುತ್ತಿದ್ದ.

ಪ್ರತಿ ಸಲ ಮನೆಗೆ ಬಂದಾಗ ಅಕ್ಕ ಕೇಳುತ್ತಿದ್ದಳು, "ಹಗ್ಗ ಬಿಡಲಿಲ್ಲ, ಹೌದಿಲ್ಲೋ ತಮ್ಮಾ?"

"ಬಿಟ್ಟಿದ್ರ ನಿನ್ನ ಗಂಡ ಇಲ್ಲಿ ಕುಂತು ರೊಟ್ಟಿ ತಿಂತಿದ್ನೇನು?" ಅನ್ನುತ್ತಿದ್ದೆ ನಾನು. ಮೂವರೂ ನಗುತ್ತಿದ್ದೆವು.

ಆ ಶನಿವಾರ ಬಂದವರು ದಾವಣಗೆರೆಯ ಐದು ಜನ ಗೆಳೆಯರು. ಏಳೂವರೆಯ ಹೊತ್ತಿಗೆ ಚಂದ್ರ ಮೇಲೆ ಬಂದಿದ್ದ. ಒಬ್ಬೊಬ್ಬರಾಗಿ ಐವರೂ ಇಳಿದರು. ಕೊನೆಯವನ ಮೂರು ಜಗ್ಗು ಬಂತು. ನಾನು ಖಾಲಿ ಹಗ್ಗ ಎಳೆದುಕೊಳ್ಳತೊಡಗಿದೆ.

ಮೂರು ಮಾರು ಬಂದಿರಬೇಕು... ಹಗ್ಗ ಭಾರವಾಯಿತು.

ಸಂದಿಯಲ್ಲಿ ಸಿಕ್ಕಿತು ಅಂದುಕೊಂಡೆ. ಆದರೆ ಸಿಕ್ಕ ಹಗ್ಗ ಸುಮ್ಮನಿರುತ್ತದೆ. ಇದು ನಡುಗುತ್ತಿತ್ತು. ಜೋತುಬಿದ್ದ ಮನುಷ್ಯನ ನಡುಕ ಹೇಗಿರುತ್ತದೆ ಅಂತ ನನ್ನ ಕೈಗೆ ಚೆನ್ನಾಗಿ ಗೊತ್ತು. ಮೇಲಿದ್ದ ಗುಂಡುಕಲ್ಲಿಗೆ ಹಗ್ಗವನ್ನು ಒಂದು ಸುತ್ತು ಹಾಕಿ ಕಾಲು ಒತ್ತಿ ಹಿಡಿದೆ. ಆಗ ವಾಸನೆ ಬಂತು. ಸುಟ್ಟ ಹುಲ್ಲಿನ ಹೊಗೆ, ಅದರ ಹಿಂದೆ ಹಸಿ ಜೇನು... ಆ ಬಂಡೆಯಲ್ಲಿ ಜೇನು ಕಟ್ಟದೆ ವರ್ಷಗಳೇ ಆಗಿವೆ.

ಕೆಳಗಿನಿಂದ ಭಾವ ಕೂಗಿದ. "ಎಲ್ಲಾರೂ ಇಳದ್ರು! ಹಗ್ಗ ಕೆಳಗ ಒಗಿ, ಸುತ್ತಿಕೊಂತೀನಿ!"

ಬಾಯಿ ತೆರೆದೆ. ಅಷ್ಟರಲ್ಲಿ ಬಂಡೆಯ ಅಂಚಿನ ಕೆಳಗೇ, ತೀರ ಹತ್ತಿರ, ಸಣ್ಣ ದನಿ.

"ಬಿಡಬ್ಯಾಡೋ ಕೊಟ್ರಾ... ಕಾಲಿಗೆ ಏನೂ ಸಿಗವಲ್ದು."

ಅದೂ ಭಾವನದೇ ದನಿ.

ಅಂಚು ಮುಂದಕ್ಕೆ ಚಾಚಿದೆ, ಬಗ್ಗಿದರೂ ಕೆಳಗಿನದು ಕಾಣುವುದಿಲ್ಲ. "ಭಾವಾ, ಎಲ್ಲದೀ ನೀನು?" ಅಂತ ಕೇಳಿದೆ.

"ಇಲ್ಲೇ ಅದೀನಿ" ಅಂದ ಕೆಳಗಿನವನು.

"ಇಲ್ಲೇ ಅದೀನಿ" ಅಂತು ಹಗ್ಗ.

ಹೆದರಿಕೆ ಆಯಿತೇ ಅಂತ ಎಲ್ಲರೂ ಕೇಳುತ್ತಾರೆ. ಆಗಲಿಲ್ಲ. ಮೈಯಲ್ಲಿ ಏನೂ ಉಳಿದಿರಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ... ಇವರಿಬ್ಬರಲ್ಲಿ ಒಬ್ಬ ನನ್ನ ಅಕ್ಕನ ಗಂಡ. ಹಗ್ಗಕ್ಕೆ ಜೋತವನ ಮೂರು ಜಗ್ಗು ಬಂದಿಲ್ಲ. ಹಿಡಿದು ಕೂತೆ. ಅಂಗೈ ಉರಿಯಿತು, ಆಮೇಲೆ ಅದೂ ನಿಂತುಹೋಯಿತು. ಕೆಳಗಿನವನು ಕೂಗಿ ಕೂಗಿ ಸುಮ್ಮನಾದ.

ಅರ್ಧ ತಾಸಾದ ಮೇಲೆ ಹಿಂದಿನ ದಾರಿಯಲ್ಲಿ ಕಲ್ಲು ಉರುಳಿದ ಸದ್ದು. ಹಣೆಗೆ ಬ್ಯಾಟರಿ ಕಟ್ಟಿಕೊಂಡು ಭಾವ ಏದುಸಿರು ಬಿಡುತ್ತ ಮೇಲೆ ಬಂದ. "ಲೇ, ಕಿವಿ ಕೇಳಸವಲ್ವೇನು? ಮಂದಿ ಹಸಗೊಂಡು ಕುಂತಾರ."

"ಹಗ್ಗ ಮುಟ್ಟಿ ನೋಡು" ಅಂದೆ.

ಮುಟ್ಟಿದ. ಅಂಚಿನ ಕೆಳಗಿನಿಂದ ದನಿ ಬಂತು. "ಬಂದ್ನೇನು ಅಂವ?"

ಭಾವ ಕೈ ಕಿತ್ತುಕೊಂಡ. ಬ್ಯಾಟರಿ ಬೆಳಕು ನನ್ನ ಕಣ್ಣಿಗೆ ನೇರ ಬೀಳುತ್ತಿತ್ತು, ಅವನ ಮುಖ ನನಗೆ ಕಾಣಲಿಲ್ಲ.

"ಬಿಡು" ಅಂದ ಮೆಲ್ಲಗೆ.

"ಮೂರು ಜಗ್ಗು ಬಂದಿಲ್ಲ ಭಾವಾ..."

"ಬಿಡು ಅಂದ್ನೆಲ್ಲ. ನೀನ ಬಿಡಬೇಕು. ನನ್ನ ಕೈಲೆ ಆಗಂಗಿಲ್ಲ."

ಅಂಚಿನ ಕೆಳಗಿನ ದನಿಗೆ ಇದೆಲ್ಲ ಕೇಳಿಸಿರಬೇಕು. ಅದು ಕಿರುಚಲಿಲ್ಲ, ಬೇಡಿಕೊಳ್ಳಲೂ ಇಲ್ಲ. "ನಿಮ್ಮಕ್ಕಗ ಏನ್ ಹೇಳ್ತಿ?" ಅಂತ ಮಾತ್ರ ಕೇಳಿತು.

ನಾನು ಬಿಟ್ಟೆ.

ಹಗ್ಗ ಕಲ್ಲಿಗೆ ಉಜ್ಜುತ್ತ ಸರ್ರನೆ ಹೋಯಿತು. ಬಿದ್ದ ಸದ್ದು ಬರಲೇ ಇಲ್ಲ... ಕೆಳಗೆ ಒಲೆಯ ಸುತ್ತ ಕೂತಿದ್ದ ಐವರೂ ಏನೂ ಕೇಳಲಿಲ್ಲ, ಏನೂ ಕಾಣಲಿಲ್ಲ ಅಂದರು. ಚಟ್ನಿ ಚೆನ್ನಾಗಿತ್ತು ಅಂದರು.

ಬೆಳಗ್ಗೆ ಸಾಮಾನು ತರಲು ಹೋದಾಗ ಹಗ್ಗ ಬಂಡೆಯ ಬುಡದಲ್ಲಿತ್ತು. ಯಾರೋ ಅಚ್ಚುಕಟ್ಟಾಗಿ ಸುತ್ತಿ, ಮೇಲೆ ಎರಡು ಗಂಟು ಹಾಕಿ ಇಟ್ಟಿದ್ದರು. ಹಾಗೆ ಎರಡು ಗಂಟು ಹಾಕುವುದು ನಮ್ಮ ಭಾವನ ಅಭ್ಯಾಸ. "ಇದನ್ನ ನೀ ಸುತ್ತಿದ್ಯಾ?" ಅಂತ ಕೇಳಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, "ಅಲ್ಲೇ ಇರ್ಲಿ ಬಿಡು" ಅಂದ. ಈಗ ಹೊಸ ಹಗ್ಗ ತಂದಿದ್ದೇವೆ. ಭಾವ ಅದನ್ನು ಮುಟ್ಟುವುದಿಲ್ಲ, ಬಂಡೆಗೂ ಇಳಿಯುವುದಿಲ್ಲ. ಒಲೆಯ ಹತ್ತಿರವೇ ಇರುತ್ತಾನೆ. ಮಿಕ್ಕಿದ್ದೆಲ್ಲ ಹಾಗೆಯೇ ಇದೆ... ಅದೇ ನಗು, ಅದೇ ಬೈಗುಳ. ಅವನಲ್ಲಿ ಏನಾದರೂ ಬದಲಾಗಿದೆಯೇ ಅಂತ ನಾನು ಬೇಕಂತಲೇ ಹುಡುಕಿದ್ದೇನೆ, ಏನೂ ಸಿಕ್ಕಿಲ್ಲ.

ಆ ಶನಿವಾರ ರಾತ್ರಿ ಮನೆಗೆ ಬಂದಾಗ ಅಕ್ಕ ತಟ್ಟೆ ಇಡುತ್ತ ಎಂದಿನಂತೆ ಕೇಳಿದಳು, "ಹಗ್ಗ ಬಿಡಲಿಲ್ಲ, ಹೌದಿಲ್ಲೋ ತಮ್ಮಾ?"

ನಾನು ತಟ್ಟೆ ಹತ್ತಿರಕ್ಕೆ ಎಳೆದುಕೊಂಡೆ.

ಭಾವ ರೊಟ್ಟಿ ಮುರಿಯುತ್ತ ನನ್ನನ್ನೇ ನೋಡಿದ. "ಬಿಟ್ಟಿದ್ರ ನಾ ಇಲ್ಲಿ ಕುಂತು ರೊಟ್ಟಿ ತಿಂತಿದ್ನೇನು?" ಅಂದ.

ಅಕ್ಕ ನಕ್ಕಳು. ಈಗಲೂ ಪ್ರತಿ ಶನಿವಾರ ಅವಳು ಕೇಳುತ್ತಾಳೆ. ಉತ್ತರ ಅವನೇ ಕೊಡುತ್ತಾನೆ.