ಹಲ್ಲಿಗೆ ಅರ ಹಾಕದ ಡಾಕ್ಟರಮ್ಮ

ಡಾಕ್ಟರಮ್ಮ ಮಾತಾಡುತ್ತಿದ್ದವರು ತಟ್ಟನೆ ನಿಲ್ಲಿಸಿ, ಒಂದು ಕೈಯನ್ನು ಬಾಯಿಗೆ ಮರೆ ಹಿಡಿದು, ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳನ್ನು ತೆಗೆದು ಅಂಗೈ ಮೇಲಿಟ್ಟು ನನಗೆ ತೋರಿಸಿದರು. ಗುಲಾಬಿ ಬಣ್ಣದ ತೆಳ್ಳನೆಯ ಪ್ಲೇಟು, ಅದರ ಅಂಚಿಗೆ ಸಾಲಾಗಿ ಕೂತ ನಾಲ್ಕು ಹಲ್ಲು. ಅವಿಲ್ಲದೆ ಮೇಲ್ದುಟಿ ಒಳಗೆ ಕುಸಿದು, ಅವರ ಮುಖಕ್ಕೆ ಒಮ್ಮೆಲೇ ಮುಪ್ಪು ಬಂದಂತಾಗಿತ್ತು. ನಾನು ಕಣ್ಣು ತಗ್ಗಿಸಿದೆ. ಅವರು ಪ್ಲೇಟನ್ನು ಮತ್ತೆ ಕೂರಿಸಿಕೊಂಡು, ಏನೂ ನಡೆದಿಲ್ಲವೆಂಬಂತೆ ಮಾತು ಮುಂದುವರಿಸಿದರು.

“ನಾ ಓದಾಕತ್ತಾಗ ನನ್ನ ಹಲ್ಲು ಗಟ್ಟಿ ಇದ್ವು. ಬರೇ ಕಂದು ಕಲಿ ಇದ್ವು, ಅಷ್ಟ. ನಮ್ಮ ದೇವದುರ್ಗದ ಕಡಿ ಬೋರಿನ ನೀರು ಕುಡದವ್ರಿಗೆ ಗೊತ್ತದಲ್ರಿ. ಗಂಡಿನ ಕಡ್ಯಾವ್ರು ನೋಡಾಕ ಬರ್ತಾರಂತ ಮನ್ಯಾಗ ಗಡಿಬಿಡಿ. ನಾಕೂ ಹಲ್ಲಿಗೆ ಅರ ಹಾಕಿಸಿ, ಸಣ್ಣು ಮಾಡಿಸಿ, ಮ್ಯಾಲ ಬೆಳ್ಳನ್ನ ಟೊಪ್ಪಿಗಿ ಕೂಡ್ರಿಸಿಕೊಂಡೆ. ಕೆಲವು ವರ್ಷಕ್ಕ ಒಳಗಿನ ಹಲ್ಲು ಸತ್ವು. ಒಂದೊಂದ ಕಿತ್ತಿಸಬೇಕಾತು. ಅದಕ್ಕ ನಿಮ್ಮ ಹಲ್ಲಿಗೆ ನಾ ಅರ ಹಾಕಂಗಿಲ್ಲ, ಮಾಸ್ತರ.”

ನಾನು ರಾಯಚೂರಿನ ಅವರ ದವಾಖಾನೆಗೆ ಬಂದದ್ದೇ ಅರ ಹಾಕಿಸಿಕೊಳ್ಳಲು.

ಮಾನ್ವಿಯಲ್ಲಿ ನಮ್ಮದು ಮದುವೆ ಮೆರವಣಿಗೆಗಳಿಗೆ ನುಡಿಸುವ ಬ್ಯಾಂಡ್. ಅಬ್ಬಾ ಕ್ಲಾರ್ನೆಟ್ ನುಡಿಸುತ್ತಿದ್ದರು, ಅವರಿಂದ ನನಗೆ ಬಂತು. ಜನ ನನ್ನನ್ನು ಮಾಸ್ತರ ಎನ್ನುವುದು ಅದಕ್ಕೇ. ಕೇಳುವವರು ಅದನ್ನು ಉಸಿರಿನ ವಾದ್ಯ ಎಂದುಕೊಳ್ಳುತ್ತಾರೆ. ಅದು ಅರ್ಧ ಮಾತ್ರ ನಿಜ. ವಾದ್ಯದ ತುದಿಯ ಮೇಲೆ ಮೇಲಿನ ಹಲ್ಲು ಊರಬೇಕು. ಕೆಳದುಟಿ ಕೆಳಗಿನ ಹಲ್ಲುಗಳ ಮೇಲೆ ಮಡಚಿಕೊಂಡು ಮೆತ್ತೆಯಾಗಬೇಕು. ಹಲ್ಲು ಸರಿಯಿಲ್ಲದಿದ್ದರೆ ಸ್ವರ ನಿಲ್ಲುವುದಿಲ್ಲ. ಅಬ್ಬಾ ಹಲ್ಲು ಕೀಳಿಸಿ ಸೆಟ್ ಹಾಕಿಸಿಕೊಂಡರು. ಊದುವಾಗ ಸೆಟ್ಟು ಅಲ್ಲಾಡುತ್ತಿತ್ತು. ಅದೇ ವರ್ಷ ಕ್ಲಾರ್ನೆಟ್ ನನ್ನ ಕೈಗಿಟ್ಟು ಸುಮ್ಮನಾದರು. ಆಮೇಲೆ ಮೆರವಣಿಗೆ ಬೀದಿಯಲ್ಲಿ ಹೋದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು.

ನನ್ನ ಹಲ್ಲು ಹುಳುಕಿರಲಿಲ್ಲ, ಸವೆದಿದ್ದವು. ನಿದ್ದೆಯಲ್ಲಿ ಹಲ್ಲು ಮಸೆಯುವ ಚಟ ನನಗೆ ಮೊದಲಿನಿಂದ ಇತ್ತು. ಅದರ ಮೇಲೆ, ಬಿಸಿಲಲ್ಲಿ ಗಂಟಲು ಒಣಗದಿರಲಿ ಎಂದು ದಿನವಿಡೀ ನಿಂಬೆ ಸೋಡಾ. ನಲವತ್ತು ದಾಟುವ ಹೊತ್ತಿಗೆ ಮುಂದಿನ ಹಲ್ಲುಗಳು ಅರ್ಧಕ್ಕೆ ಇಳಿದು, ಅಂಚು ಒಡೆದ ಗಾಜಿನಂತಾಗಿತ್ತು. ಗಿಲ್ಲೆಸುಗೂರಿನ ಒಂದು ಮದುವೆಯಲ್ಲಿ ಮೆರವಣಿಗೆ ಹೊರಟು, ನಾನು ಏರುಸ್ವರ ಹಿಡಿದಾಗ, ಕೆಳಗಿನ ಹಲ್ಲು ತುಟಿಯನ್ನು ಒಳಗಿಂದ ಸೀಳಿತು. ಬ್ಯಾಂಡಿನ ಬಿಳಿ ಕೋಟಿನ ಮೇಲೆ ರಕ್ತ ತೊಟ್ಟಿಕ್ಕಿತು. ಮದುಮಗನ ತಾಯಿ ಅಪಶಕುನವೆಂದು ಕೂಗಿಕೊಂಡರು. ನಮ್ಮ ಬ್ಯಾಂಡಿನ ಹಿರಿಯರಾದ ಚಾಚಾ ನನ್ನ ಕೈಯಿಂದ ವಾದ್ಯ ತೆಗೆದುಕೊಂಡು, ನಾಳೆಯಿಂದ ಡ್ರಮ್ಮು ಬಾರಿಸು ಎಂದರು. ಸಿಟ್ಟಿನಿಂದಲ್ಲ, ಮರುಕದಿಂದ. ಅದೇ ಹೆಚ್ಚು ನೋವಾಗಿದ್ದು.

ಮೊದಲು ಬೇರೊಂದು ದವಾಖಾನೆಯಲ್ಲಿ ತೋರಿಸಿದೆ. ಅಲ್ಲಿ ಎಲ್ಲ ಹಲ್ಲುಗಳ ನರ ತೆಗೆದು, ಸುತ್ತಲೂ ತೇಯ್ದು, ಟೊಪ್ಪಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಮಾನ್ವಿಯ ಶಾಲೆಗೆ ಮಕ್ಕಳ ಹಲ್ಲು ನೋಡಲು ಬರುತ್ತಿದ್ದ ಈ ಡಾಕ್ಟರಮ್ಮನ ವಿಷಯ ನನ್ನ ಹೆಂಡತಿಗೆ ಗೊತ್ತಿತ್ತು. ಅದೇ ಕೆಲಸವನ್ನು ಅವರು ಬೇಗ ಮಾಡಿಕೊಟ್ಟಾರೆಂದು ಬಂದರೆ, ಅವರು ತಮ್ಮ ಹಲ್ಲನ್ನೇ ಕೈಯಲ್ಲಿ ಹಿಡಿದು ತೋರಿಸುತ್ತಿದ್ದರು.

“ಮತ್ತ ಏನ್ ಮಾಡ್ತೀರಿ?” ಎಂದೆ.

“ಸವದು ಹೋದದ್ದಷ್ಟ ಸೇರಸ್ತೀನಿ. ಹಲ್ಲಿನ ಬಣ್ಣದ್ದೊಂದು ಮೇಣದಂಥಾದ್ದು ಬರ್ತದ. ಅದನ್ನ ಪದರ ಪದರ ಹಚ್ಚಿ ಬೆಳಕಿನಾಗ ಗಟ್ಟಿ ಮಾಡೂದು.”

“ಟೊಪ್ಪಿಗಿಯಷ್ಟು ಗಟ್ಟಿ ಇರ್ತದೇನ್ರಿ?”

“ಇರಂಗಿಲ್ಲ. ಎಂದರ ಒಂದಿನ ಚೂರು ಹಾರ್ತದ. ಹಾರಿದ್ರ ಮತ್ತ ಹಚ್ಚಿದ್ರಾತು. ಕಡದ ಹಲ್ಲು ಮಾತ್ರ ಮತ್ತ ಬೆಳ್ಯಂಗಿಲ್ಲ.” ನಂತರ ನನ್ನ ಕೈ ಕಡೆ ನೋಡಿದರು. “ವಾದ್ಯ ಎಲ್ಲಿ? ಅದಿಲ್ದ ನಾ ಹಲ್ಲಿನ ಅಳತಿ ಹೆಂಗ ಮಾಡ್ಲಿ?”

ಮುಂದಿನ ವಾರ ಚಾಚಾನನ್ನು ಕೇಳಿ ಕ್ಲಾರ್ನೆಟ್ ಪೆಟ್ಟಿಗೆ ಇಸಿದುಕೊಂಡು ಹೋದೆ. ಸೂಜಿ ಚುಚ್ಚಲಿಲ್ಲ. ಕೊರೆಯುವ ಯಂತ್ರದ ಸದ್ದೂ ಇಲ್ಲ. ಹಲ್ಲು ತೊಳೆದು, ಒರೆಸಿ, ಏನೋ ಹುಳಿಮದ್ದು ಸವರಿ, ಮತ್ತೆ ತೊಳೆದು, ಅಂಟು ಹಚ್ಚಿ, ಅದರ ಮೇಲೆ ಕಡ್ಡಿಯಷ್ಟು ಸಣ್ಣ ಉಪಕರಣದಿಂದ ಮೇಣ ಕೂರಿಸುತ್ತಾ ಹೋದರು. ನೀಲಿ ದೀಪ ಹಿಡಿದಾಗೆಲ್ಲ ತಮ್ಮ ಕಣ್ಣಿಗೆ ಕಿತ್ತಳೆ ಬಣ್ಣದ ಗಾಜು ಅಡ್ಡ ಇಟ್ಟುಕೊಳ್ಳುತ್ತಿದ್ದರು. ಒಂದೊಂದು ಹಲ್ಲಿಗೂ ಬಹಳ ಹೊತ್ತು. ಕೊನೆಗೆ ಕುರ್ಚಿ ಎತ್ತಿ ಕೂರಿಸಿ ಹೇಳಿದರು: “ಈಗ ಊದ್ರಿ.”

ಊದಿದೆ. ಸ್ವರ ಬಂತು, ಆದರೆ ಒಂದು ಬದಿಯಿಂದ ಗಾಳಿ ಸೋರಿತು. ಅವರು ಕಣ್ಣುಮುಚ್ಚಿ ಕೇಳಿ, “ಎಲ್ಲಿ ಹತ್ತಾಕತ್ತದ?” ಎಂದರು. ಬೆರಳಿಟ್ಟು ತೋರಿಸಿದೆ. ಹಚ್ಚಿದ ಮೇಣವನ್ನೇ ಕೂದಲೆಳೆಯಷ್ಟು ಉಜ್ಜಿದರು. ಮತ್ತೆ ಊದಿದೆ. ಮತ್ತೆ ಉಜ್ಜಿದರು. ಹೀಗೆ ಎಷ್ಟು ಸಲವೋ. ಹೊರಗೆ ಕಾಯುತ್ತಿದ್ದ ಮುದುಕಿಯೊಬ್ಬಳು ಬಾಗಿಲಲ್ಲಿ ಇಣುಕಿ, “ಯವ್ವಾ, ಒಳಗ ಯಾರದರ ಮದುವಿ ನಡದದೇನು?” ಎಂದು ಕೇಳಿದಳು. ಡಾಕ್ಟರಮ್ಮ ನಗುತ್ತಾ, “ಹೌದವ್ವಾ, ಬಾ, ಅಕ್ಕಿಕಾಳು ಹಾಕು” ಎಂದರು. ಕಡೆಗೆ ಏರುಸ್ವರ ಹಿಡಿದೆ. ಅದು ನಿಂತಿತು. ತುಟಿಗೆ ನೋವಿರಲಿಲ್ಲ. ನಾನು ವಾದ್ಯ ಇಳಿಸಿದಾಗ ಅವರು ಕೈಗವಸು ತೆಗೆಯದೆ ಹಾಗೇ ನಿಂತಿದ್ದರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಹಲ್ಲು ಎತ್ತರವಾದ್ದರಿಂದ ಬಾಯಿ ಮುಚ್ಚಿದರೆ ಹಿಂದಿನ ದವಡೆ ಹಲ್ಲುಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ಇದನ್ನು ಅವರು ಮೊದಲೇ ಹೇಳಿದ್ದರು. “ಹಿಂದಿನ ಹಲ್ಲು ತಾವೇ ಮೆಲ್ಲಕ ಬಂದು ಸೇರ್ತಾವ. ಕೆಲವು ತಿಂಗಳು ತಾಳ್ಬೇಕು. ಹಲ್ಲು ಕಲ್ಲಲ್ರಿ, ಜೀವ ಅದ.” ಹೇಳಿದಾಗ ತಲೆಯಾಡಿಸಿದ್ದೆ. ಮನೆಗೆ ಬಂದು ಜೋಳದ ರೊಟ್ಟಿ ಮುರಿದಾಗ ಗೊತ್ತಾಯಿತು. ಹಿಂದಿನ ಹಲ್ಲಲ್ಲಿ ತುತ್ತು ಅರೆಯುತ್ತಲೇ ಇರಲಿಲ್ಲ. ಹೆಂಡತಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡುತ್ತಿದ್ದಳು. ಮೊದಮೊದಲು ನಕ್ಕಳು, ಆಮೇಲೆ ರೇಗಿದಳು. ಹಲ್ಲು ನಡೆದುಕೊಂಡು ಬರುತ್ತದೆಯೇ, ಅದೇನು ಕುರಿಯೇ ಎಂದು ಕೇಳಿದಳು. ಚಾಚಾ ಕೂಡ, ನಿನಗೆ ಮೋಸವಾಗಿದೆ ಎಂದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ನನ್ನ ತಾಳ್ಮೆ ಸತ್ತುಹೋಗಿತ್ತು.

ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೋಗಿ ಅವರ ಮುಂದೆ ನಿಂತೆ. “ಡಾಕ್ಟರಮ್ಮ, ಹಚ್ಚಿದ್ದೆಲ್ಲಾ ತಗದುಬಿಡ್ರಿ. ಊದಾಕ ಬಂತು ಖರೆ, ಉಣ್ಣಾಕ ಬರವಲ್ದು. ನನಗ ಸಾಕಾಗ್ಯದ.”

ಅವರು ವಾದ ಮಾಡಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಉಸಿರಿಗೆ ಹಾರುವಂಥ ತೆಳುವಾದ ಪಟ್ಟಿಯೊಂದನ್ನು ಎಡಗಡೆ ದವಡೆ ಹಲ್ಲುಗಳ ನಡುವೆ ಇಟ್ಟು, “ಕಚ್ರಿ” ಎಂದರು. ಎಳೆದರೆ ಸಲೀಸಾಗಿ ಹೊರಬಂತು. ನಾನು ಗೆದ್ದವನಂತೆ ನೋಡಿದೆ. ಅವರು ಪಟ್ಟಿಯನ್ನು ಬಲಗಡೆಗೆ ಇಟ್ಟರು. “ಕಚ್ರಿ.” ಎಳೆದರು. ಪಟ್ಟಿ ಬರಲಿಲ್ಲ. ಹಿಡಿದುಕೊಂಡಿತ್ತು.

“ಬಂತು ನೋಡ್ರಿ, ಒಂದು ಕಡಿ,” ಎಂದರು ಮೆಲ್ಲಗೆ. ಆ ದನಿಯಲ್ಲಿ ಅವರಿಗೂ ಆದ ನಿರಾಳ ಕೇಳಿಸಿತು. “ಎಲ್ಲಾರಿಗೂ ಆಗ್ತದಂತ ನಾ ಆಣಿ ಮಾಡಂಗಿಲ್ಲ, ಮಾಸ್ತರ. ಬಹಳ ಮಂದಿಗೆ ಆಗ್ಯದ. ಆಗಲಿಲ್ಲಂದ್ರ ಹಿಂದಿನ ಹಲ್ಲಿಗೂ ಹಚ್ಚಿ ಎತ್ತರ ಮಾಡ್ತೀನಿ. ಆದ್ರ ಅವಸರಕ್ಕ ಇದ್ದದ್ದನ್ನ ಕೆಡಸೂದು ಬ್ಯಾಡ.”

ಬೇಸಿಗೆ ಮುಗಿಯುವ ಹೊತ್ತಿಗೆ ಎಡಗಡೆಯೂ ಬಂದು ಸೇರಿತು. ಯಾವ ದಿನ ಎಂದು ನನಗೇ ತಿಳಿಯಲಿಲ್ಲ. ಊಟದ ನಡುವೆ ಹೆಂಡತಿ ಕೈ ತಡೆದು ನನ್ನನ್ನೇ ನೋಡುತ್ತಿದ್ದಳು. ನಾನು ಶೇಂಗಾ ಚಟ್ನಿ ಹಚ್ಚಿದ ಒಣ ಕಟಿರೊಟ್ಟಿಯನ್ನು ಕಟಕಟನೆ ತಿನ್ನುತ್ತಿದ್ದೆ. ಅದೇ ಮದುವೆ ಕಾಲದಲ್ಲಿ ಚಾಚಾ ಡ್ರಮ್ಮಿನ ಕೋಲು ನನ್ನಿಂದ ಹಿಂದಕ್ಕೆ ಇಸಿದುಕೊಂಡು ಕ್ಲಾರ್ನೆಟ್ ಕೈಗಿಟ್ಟರು.

ಮಲಗುವಾಗ ಹಾಕಿಕೊಳ್ಳಲು ಡಾಕ್ಟರಮ್ಮ ಒಂದು ಪಾರದರ್ಶಕ ಕವಚ ಮಾಡಿಕೊಟ್ಟಿದ್ದರು. ಅದನ್ನು ತೋರಿಸುವ ನೆಪದಲ್ಲಿ ಆಗಾಗ ಹೋಗುತ್ತಿದ್ದೆ. ಹೋದಾಗೆಲ್ಲ ಅವರ ರೀತಿ ನೋಡುತ್ತಿದ್ದೆ. ಬಾಯೊಳಗೆ ಇಡುವ ಪುಟ್ಟ ಕನ್ನಡಿಯನ್ನು ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ಬಂದವರು ತೆಲುಗಿನವರಾದರೆ ತೆಲುಗು, ನಮ್ಮವರಾದರೆ ದಖ್ಖನಿ ಉರ್ದು. ಅವರ ದಖ್ಖನಿ ಕೇಳಿದರೆ ನಗು ಬರುತ್ತಿತ್ತು, ಆದರೂ ಬಿಡುತ್ತಿರಲಿಲ್ಲ. ಅವರ ಅಪ್ಪ ಅವ್ವ ದೇವದುರ್ಗದಿಂದ ಮಣ್ಣು ಕೆಲಸಕ್ಕೆ ದೂರದೂರಿಗೆ ಹೋಗುತ್ತಿದ್ದವರು. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲಿಗರು. ಅದನ್ನು ಅವರು ಹೆಮ್ಮೆಯಿಂದಲೂ ಹೇಳುತ್ತಿರಲಿಲ್ಲ, ಮುಚ್ಚಿಡುತ್ತಲೂ ಇರಲಿಲ್ಲ.

ಒಮ್ಮೆ ನಾನು ಅಲ್ಲಿದ್ದಾಗ ತಾಯಿಯೊಬ್ಬಳು ಮಗಳನ್ನು ಕರೆತಂದಿದ್ದಳು. ಹುಡುಗಿಯ ಹಲ್ಲಲ್ಲಿ ಕಂದು ಕಲೆ. ನೋಡಲು ಬರುವವರಿದ್ದಾರೆ, ಹಾಲಿನಂಥ ಟೊಪ್ಪಿಗೆ ಹಾಕಿ ಎಂದು ತಾಯಿ ಹಟ ಹಿಡಿದಳು. ಡಾಕ್ಟರಮ್ಮ ಏನೋ ಮುಲಾಮು ಹಚ್ಚಿ, ಮೇಲ್ಮೇಲೆ ತಿಕ್ಕಿ, ಕಲೆಯನ್ನು ತಿಳಿಯಾಗಿಸಿದರು. ಪೂರ್ತಿ ಹೋಗಲಿಲ್ಲ. ತಾಯಿಗೆ ಸಮಾಧಾನವಿಲ್ಲ. “ಹಾಲಿನಂಗ ಯಾಕ ಬೇಕವ್ವಾ? ಆಕಿ ಹಲ್ಲು ಆಕಿವ ಇರ್ಲಿ ಬಿಡು,” ಎಂದರು ಡಾಕ್ಟರಮ್ಮ. ಹುಡುಗಿ ಕನ್ನಡಿ ಕೆಳಗಿಡಲೇ ಇಲ್ಲ. ತುಟಿ ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿಕೊಳ್ಳುತ್ತಿದ್ದಳು.

ತಾಯಿ ಮಗಳು ಹೋದ ಮೇಲೆ, ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತನ್ನು ಧೈರ್ಯ ಮಾಡಿ ಕೇಳಿದೆ. “ನಿಮ್ಮನ್ನ ನೋಡಾಕ ಬಂದಿದ್ರಲ್ಲಾ, ಅವ್ರು ಒಪ್ಪಿದ್ರೇನ್ರಿ?”

“ಒಪ್ಪಿದ್ರು,” ಎಂದು ಕೈ ತೊಳೆಯುತ್ತಾ ನಕ್ಕರು. “ನಾನ ಒಪ್ಪಲಿಲ್ಲ.”

ಅವರು ಮದುವೆಯಾಗಲೇ ಇಲ್ಲ.

ಕೊನೆಯ ಎರಡು ವರ್ಷ ಅವರ ದವಾಖಾನೆ ಆಗಾಗ ಮುಚ್ಚಿರುತ್ತಿತ್ತು. ಕಾಯಿಲೆ ಎಂದು ಗೊತ್ತಾಗಿ ದೇವದುರ್ಗದಲ್ಲಿದ್ದ ಅವರ ತಮ್ಮನ ಮನೆಗೆ ನೋಡಲು ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮೈಯೆಲ್ಲ ಇಳಿದುಹೋಗಿತ್ತು. ಹೇಗಿದ್ದೀರಿ ಎಂದು ನಾನು ಕೇಳುವ ಮೊದಲೇ ತಮ್ಮನ ಕಡೆ ಕೈ ಚಾಚಿ ಟಾರ್ಚು ಇಸಿದುಕೊಂಡು, “ಬಾಯಿ ತಗೀರಿ” ಎಂದರು. ಬಗ್ಗಿ ಬಾಯಿ ತೆರೆದೆ. ದೀಪ ಹಿಡಿದ ಕೈಗೆ ಮತ್ತೊಂದು ಕೈ ಆಸರೆ ಕೊಟ್ಟುಕೊಂಡರು. ಒಂದೊಂದೇ ಹಲ್ಲು ನೋಡಿದರು.

“ಛಲೋ ಅವ. ಚೂರು ಹಾರಿದ್ರ ಅಂಜಬ್ಯಾಡ್ರಿ. ಕೆಲಸ ಗೊತ್ತಿದ್ದವ್ರು ಯಾರ ಬೇಕಾದ್ರೂ ಹಚ್ಚಿಕೊಡ್ತಾರ. ನಾನ ಇರ್ಬೇಕಂತೇನಿಲ್ಲ.”

ಹಲ್ಲಿನ ಮಾತೆಂದುಕೊಂಡು ಆಗಲಿ ಎಂದೆ. ಮಾನ್ವಿಗೆ ಬರುವ ಬಸ್ಸಿನಲ್ಲಿ ಕೂತ ಮೇಲೆ ಅದರ ಅರ್ಥ ಹೊಳೆದು, ಕಿಟಕಿ ಕಡೆ ಮುಖ ಮಾಡಿಕೊಂಡೆ.

ಮಳೆಗಾಲದ ಮೊದಲಲ್ಲಿ ಅವರು ಹೋದರು. ಆ ದಿನ ನಾನು ಚಂದ್ರಬಂಡದ ಮದುವೆಯಲ್ಲಿದ್ದೆ. ಸುದ್ದಿ ಫೋನಿಗೆ ಬಂದಿತ್ತು, ನೋಡಿದ್ದು ಮೆರವಣಿಗೆ ಮುಗಿದ ಮೇಲೆ. ಮಣ್ಣಿಗೆ ಹೋಗಲಾಗಲಿಲ್ಲ.

ಆರು ತಿಂಗಳ ಹಿಂದೆ, ಅವರು ಹೇಳಿದಂತೆಯೇ, ಮುಂದಿನ ಹಲ್ಲಿನ ಒಂದು ಚೂರು ಹಾರಿತು. ರಾಯಚೂರಿನಲ್ಲಿ ಬೇರೊಬ್ಬ ಡಾಕ್ಟರ ಹತ್ತಿರ ಹೋದೆ. ಇನ್ನೂ ಎಳೆಯ ವಯಸ್ಸಿನ ಹೆಣ್ಣುಮಗಳು. ಡಾಕ್ಟರಮ್ಮನನ್ನು ಆಕೆ ಕಂಡವಳೇ ಅಲ್ಲ. ಮುರಿದ ಅಂಚನ್ನು ಬಹಳ ಹೊತ್ತು ನೋಡಿ, “ಇದರ ಕೆಳಗ ನಿಮ್ಮ ಹಲ್ಲು ಇದ್ದಂಗ ಅದರೀ, ಒಂಚೂರೂ ಕಡದಿಲ್ಲ. ಭಾಳ ಸಮಾಧಾನದಿಂದ ಮಾಡ್ಯಾರ. ಯಾರು ಮಾಡಿದ್ದು?” ಎಂದಳು.

ಹೇಳಲು ಬಾಯಿ ತೆರೆದೆ. ಆದರೆ ಬಾಯಲ್ಲಿ ಆಗಲೇ ಹತ್ತಿ ಇತ್ತು, ಮಾತು ಹೊರಡಲಿಲ್ಲ. ಆಕೆ ನೀಲಿ ದೀಪ ಹಚ್ಚಿದಳು. ನಾನು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಹಲ್ಲು ಮೊದಲಿನಂತಾಯಿತು. ಹತ್ತಿ ತೆಗೆದ ಮೇಲೆ ಡಾಕ್ಟರಮ್ಮನ ಹೆಸರು, ಊರು, ಅವರು ಹೇಗಿದ್ದರು ಎಂಬುದನ್ನೆಲ್ಲ ಆಕೆಗೆ ಹೇಳಿದೆ. ಹೊರಗೆ ಮಂದಿ ಕಾಯುತ್ತಿದ್ದರೂ ಆಕೆ ಕೈಕಟ್ಟಿ ನಿಂತು ಕಡೆತನಕ ಕೇಳಿದಳು.