ಬಳೆ ಅಂಗಡಿಯಲ್ಲಿ ಬರೆದ ಕೈ

ಗೆಳೆಯರೇ, ಇವತ್ತು ನನ್ನ ಹೊಟ್ಟೆ ಉರಿದುಹೋಯಿತು.

ಡ್ರಾಯಿಂಗ್ ಮಾಸ್ತರನಾಗುವ ಪರೀಕ್ಷೆಗೆಂದು ಆರು ತಿಂಗಳಿಂದ ಕೈಯ ಚಿತ್ರ ಬರೆಯುತ್ತಿದ್ದೇನೆ. ದಾವಣಗೆರೆಯ ಡಾಕ್ಟರೊಬ್ಬರ ಹಳೆಯ ಪುಸ್ತಕ ತಂದು, ಕೈಯ ಇಪ್ಪತ್ತೇಳು ಮೂಳೆಗಳನ್ನೂ ಬಾಯಿಪಾಠ ಮಾಡಿದ್ದೇನೆ. ದಿನಾ ಸಂಜೆ ಕೈ ಚಾಚಿ ಕೂರುವವಳು ನನ್ನ ಹೆಂಡತಿ. ಬರೆದದ್ದನ್ನು ತೋರಿಸಿದರೆ, "ಚೆನ್ನಾಗೈತೆ ರೀ, ಯಾರ ಕೈ ಇದು?" ಅನ್ನುತ್ತಾಳೆ.

ಇವತ್ತು ಅವಳಿಗೆ ಬಳೆ ಇಡಿಸಲು ಚನ್ನಗಿರಿ ಪೇಟೆಗೆ ಹೋಗಿದ್ದೆವು. ಬಳೆಗಾರ ಬಾಷಾ ಸಾಹೇಬರು ಅವಳ ಹೆಬ್ಬೆರಳ ಬುಡ ಒತ್ತಿ, ಒಂದು ಡಜನ್ ಗಾಜಿನ ಬಳೆಗಳನ್ನು ಒಂದೂ ಒಡೆಯದಂತೆ ಏರಿಸಿದರು. ಆಮೇಲೆ ನನ್ನ ಕಂಕುಳಲ್ಲಿದ್ದ ಚಿತ್ರದ ಪುಸ್ತಕ ಇಸಿದುಕೊಂಡು ತೆರೆದು ನೋಡಿದರು.

"ಇಲ್ಲಿ ಒತ್ತಿದ್ರೆ ಹೆಬ್ಬೆರಳು ಒಳಕ್ಕೆ ಮಡಚ್ಕಂತೈತೆ. ನೀವು ಕಂಬ ನೆಟ್ಟಂಗೆ ಬರ್ದೀರಲ್ರೀ!" ಎಂದು ಸಿಗರೇಟು ಪ್ಯಾಕಿನ ಹಿಂದೆ ನಾಲ್ಕು ಗೆರೆ ಎಳೆದರು.

ನನ್ನವಳು ಕೂಗಿಯೇಬಿಟ್ಟಳು: "ರೀ, ಇದು ನನ್ ಕೈನೇ ನೋಡ್ರಿ!"

"ಎಲ್ಲಿ ಕಲಿತ್ರಿ ಸಾಹೇಬ್ರೆ?" ಎಂದೆ.

"ಕಲಿಯಾಕೆ ಏನೈತೆ? ನಲವತ್ತು ವರ್ಷದಿಂದ ಕೈ ಹಿಡಿಯಾದೇ ಕೆಲಸ ಅಲ್ವೇನ್ರೀ."

ಆ ಪ್ಯಾಕು ಈಗ ನಮ್ಮ ಮನೆಯ ಕನ್ನಡಿಯ ಸಂದಿಯಲ್ಲಿದೆ. ನಾಳೆಯಿಂದ ನಾನು ಪಾದ ಬರೆಯುತ್ತೇನೆ. ಅವಳ ಚಪ್ಪಲಿ ಹರಿದರೆ ನಾನೇ ಕೂತು ಹೊಲಿಯುತ್ತೇನೆ, ಚಪ್ಪಲಿ ಅಂಗಡಿಗೆ ಮಾತ್ರ ಕರೆದೊಯ್ಯುವುದಿಲ್ಲ.